ಮಟ್ಟದ ಮೇಷ್ಟ್ರ ಗಣಿತ ಪರೀಕ್ಷೆ

ನಮ್ಮ ಕೈಗಾರಿಕಾ ತರಬೇತಿ ಶಾಲೆಯ ಮರಗೆಲಸದ ಮೇಷ್ಟ್ರಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಗಣಿತದ ಪರೀಕ್ಷೆ ಬಂತು. ಕಾಯಿಲೆ ಬರುತ್ತದಲ್ಲ, ಹಾಗೇ ಬಂತು, ಯಾರೂ ಕರೆದಿರಲಿಲ್ಲ. ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ. ಹತ್ತನೆಯ ತರಗತಿ ಪಾಸಾಗದೆ ಪಾಠ ಹೇಳುತ್ತಿರುವ ಕಾರ್ಯಾಗಾರದ ಬೋಧಕರೆಲ್ಲ ಈ ವರ್ಷದೊಳಗೆ ಆ ದರ್ಜೆಯ ಗಣಿತ ಪರೀಕ್ಷೆ ಬರೆದು ತೇರ್ಗಡೆಯಾಗಬೇಕು. ಅವಕಾಶ ಒಂದೇ ಸಲ. ನೂರಕ್ಕೆ ಮೂವತ್ತೈದು ಬರಬೇಕು. ಬರದಿದ್ದರೆ ಕೆಲಸವೇನೂ ಹೋಗುವುದಿಲ್ಲ, ಪಾಠ ಹೋಗುತ್ತದೆ. ಸಾಮಾನು ಕೋಣೆಗೆ ಹಾಕುತ್ತಾರೆ. ಅಲ್ಲಿ ಮೊಳೆ, ಸ್ಕ್ರೂ, ಮರಳುಕಾಗದ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತ ನಿವೃತ್ತಿಯ ದಿನ ಕಾಯಬೇಕು.

ಸುತ್ತೋಲೆ ಓದಿ ನನಗೆ ನಗು ಬಂದಿತ್ತು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ಎತ್ತಿ ಆಡುವುದು ಬೇಡ. ನಾನು ಆ ಶಾಲೆಯ ಗಣಿತದ ಟೀಚರ್. ಸಿಟ್ಟು ಮೂಗಿನ ತುದಿಯಲ್ಲಿ, ಮಾತು ನಾಲಿಗೆಯ ತುದಿಯಲ್ಲಿ. ಎರಡೂ ಯಾವಾಗ ಉದುರುತ್ತವೋ ನನಗೇ ಗೊತ್ತಾಗುವುದಿಲ್ಲ. ಕಾರ್ಯಾಗಾರದವರು ಅಂದರೆ ಸುತ್ತಿಗೆಯವರು, ನಾವು ಬುದ್ಧಿಯವರು ಅನ್ನುವ ಒಂದು ಜಂಬ ಆಗ ನನಗಿತ್ತು. ಆ ಜಂಬ ಇಳಿದ ಕಥೆಯೇ ಇದು.

ಮೇಷ್ಟ್ರಿಗೆ ಹುಡುಗರು ಇಟ್ಟ ಹೆಸರು ಮಟ್ಟದ ಮೇಷ್ಟ್ರು. ಜೇಬಿನಲ್ಲಿ ಸದಾ ಒಂದು ಬೆರಳುದ್ದದ ರಸಮಟ್ಟ ಇಟ್ಟುಕೊಂಡಿರುತ್ತಿದ್ದರು, ಅದರ ಗಾಜಿನೊಳಗಿನ ಗುಳ್ಳೆ ಮಧ್ಯಕ್ಕೆ ಬರದ ಮೇಜಿನ ಮೇಲೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಆಳು ಸಣಕಲು. ಎಡಗೈಯ ಹೆಬ್ಬೆರಳಿನ ಉಗುರು ಯಾವುದೋ ಕಾಲದಲ್ಲಿ ಉಳಿಗೆ ಸಿಕ್ಕಿ ಸೀಳಿ, ಸೀಳಿಕೊಂಡೇ ಬೆಳೆದಿತ್ತು. ಮಾತು ಕಡಿಮೆ. ಆಡಿದರೆ ಅಳೆದು ಆಡಿದ ಹಾಗೆ.

ಆರನೆಯ ತರಗತಿಯ ಮಧ್ಯದಲ್ಲಿ ಅವರ ಅಪ್ಪ ತೀರಿಕೊಂಡರಂತೆ. ದೊಡ್ಡಪ್ಪ ಕೈಹಿಡಿದು ತನ್ನ ಬಡಗಿ ಅಂಗಡಿಗೆ ಕರೆದೊಯ್ದು, ಮೊದಲ ಎರಡು ವರ್ಷ ಗರಗಸ ಮುಟ್ಟಲು ಬಿಡದೆ ಬರೀ ಗೆರೆ ಎಳೆಸಿದನಂತೆ. ಹಲಗೆಯ ಮೇಲೆ ಗೆರೆ ಎಳೆ, ತೋರಿಸು, ಕೀಸು, ಮತ್ತೆ ಎಳೆ. ಗೆರೆ ಸರಿಯಿಲ್ಲದ ದಿನ ದೊಡ್ಡಪ್ಪ ಹೊಡೆಯುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಆ ಹಲಗೆಯನ್ನು ಮನೆಗೆ ತಂದು ಮಲಗುವ ಜಾಗದ ಎದುರಿಗೆ ನಿಲ್ಲಿಸುತ್ತಿದ್ದನಂತೆ. ಬೆಳಿಗ್ಗೆ ಕಣ್ಣು ಬಿಟ್ಟರೆ ತನ್ನ ತಪ್ಪೇ ಕಾಣಬೇಕು. ಇದನ್ನು ಹೇಳುವಾಗ ಮೇಷ್ಟ್ರು ನಗುತ್ತಿದ್ದರು, ನನಗಂತೂ ಕೇಳಿಯೇ ಬೆನ್ನು ನೆಟ್ಟಗಾಗಿತ್ತು.

ಅವರ ಹೆಂಡತಿ ಬಾಯಿ ತುಂಬ ಮಾತಾಡುವ ಹೆಂಗಸು. ನಾನು ಅಕ್ಕ ಎಂದೇ ಕರೆಯುವುದು. ತನ್ನನ್ನು ಕೇಳಲು ಮೊದಲ ಸಲ ಮನೆಗೆ ಬಂದ ದಿನ ಈ ಮನುಷ್ಯ ಹೊಸಿಲ ಮೇಲೇ ನಿಂತು ಚೌಕಟ್ಟಿಗೆ ಕೈಯಿಟ್ಟು, ಮೇಲುಗಡೆ ಅರ್ಧ ಇಂಚು ವಾಲಿದೆಯಲ್ಲ ಎಂದನಂತೆ. ಅಕ್ಕನ ಅಪ್ಪ ಆ ಚೌಕಟ್ಟನ್ನು ಸ್ವಂತ ಕೈಯಿಂದ ನಿಲ್ಲಿಸಿದ್ದವರು. ಹುಡುಗಿ ಕೇಳಲು ಬಂದವನು ಬಾಗಿಲು ನೋಡಿಕೊಂಡು ಹೋದ ಎಂದು ಮನೆಯಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಮದುವೆಯಾದ ಮೇಲೆ ಅಳಿಯ ಮಾಡಿದ ಮೊದಲ ಕೆಲಸ ಆ ಚೌಕಟ್ಟನ್ನು ಬಿಚ್ಚಿ ಸರಿಮಾಡಿದ್ದು. ಮಾವ ಆರು ತಿಂಗಳು ಮಾತು ಬಿಟ್ಟಿದ್ದರು.

ಶಾಲೆಗೆ ಅವರು ಬಂದಿದ್ದು ಮೇಜು ಕುರ್ಚಿ ರಿಪೇರಿಗೆ. ಆಗಿನ ಪ್ರಿನ್ಸಿಪಾಲರು ಅವರು ಒಬ್ಬ ಹುಡುಗನಿಗೆ ಉಳಿ ಹಿಡಿಯುವುದನ್ನು ತೋರಿಸುತ್ತಿದ್ದುದನ್ನು ಕಿಟಕಿಯಿಂದ ನೋಡಿ ಅಲ್ಲೇ ಉಳಿಸಿಕೊಂಡರು. ಇಪ್ಪತ್ತನಾಲ್ಕು ವರ್ಷವಾಯಿತು. ಪಾಠವೆಂದರೆ ಅವರಿಗೆ ಪ್ರಾಣ ಎಂದು ನಾನು ಹೇಳುವುದಲ್ಲ, ಅಕ್ಕ ಹೇಳುವುದು: ಮನೆಯಲ್ಲಿ ಮೂರು ದಿನ ರಜೆ ಇದ್ದರೆ ನಾಲ್ಕನೆಯ ದಿನ ಅವರಿಗೆ ಜ್ವರ ಬರುತ್ತಿತ್ತಂತೆ.

ಸುತ್ತೋಲೆ ಬಂದ ವಾರ ಅವರು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಸಾಮಾನು ಕೋಣೆಗೆ ಹೋಗಲು ತನಗೇನೂ ಅವಮಾನವಿಲ್ಲ, ಆದರೆ ಆ ಕೋಣೆಯ ಕಿಟಕಿಯಿಂದ ಕಾರ್ಯಾಗಾರ ಕಾಣುತ್ತದೆ, ಹುಡುಗರು ಉಳಿಯನ್ನು ತಪ್ಪಾಗಿ ಹಿಡಿದದ್ದನ್ನು ಅಲ್ಲಿ ಕೂತು ನೋಡುತ್ತಿರಬೇಕಲ್ಲ ಎಂದರು. ಅಷ್ಟೇ ಹೇಳಿದ್ದು. ಮಧ್ಯಾಹ್ನ ಊಟದ ವೇಳೆಯಲ್ಲಿ ಮುಕ್ಕಾಲು ಗಂಟೆ ಪಾಠ ಹೇಳಿಕೊಡುತ್ತೇನೆ ಎಂದು ಒಪ್ಪಿಕೊಂಡೆ. ಧಾರಾಳ ಮಾಡಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ ಕೂಡ.

ಕಾರ್ಯಾಗಾರದ ಉದ್ದನೆಯ ಕೆಲಸದ ಮೇಜೇ ನಮ್ಮ ತರಗತಿ. ಗೋಡೆಗೆ ಗರಗಸಗಳು ಅಳತೆಯ ಪ್ರಕಾರ ನೇತಾಡುತ್ತಿದ್ದವು. ನೆಲದ ತುಂಬ ಕೀಸಿದ ಮರದ ಸುರುಳಿ. ಒಂದು ಮೂಲೆಯಲ್ಲಿ ಏಳು ಮೆಟ್ಟಿಲಿನ ಒಂದು ಮರದ ಮೆಟ್ಟಿಲುಸಾಲು. ಎಲ್ಲಿಗೂ ಹೋಗುವುದಿಲ್ಲ, ಮೇಲೆ ಹತ್ತಿದರೆ ಗೋಡೆಗೆ ಹಣೆ ಬಡಿಯಬೇಕು. ಪ್ರತಿ ವರ್ಷದ ಹುಡುಗರು ಅದನ್ನು ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ.

ಮೊದಲ ತಿಂಗಳು ಬೀಜಗಣಿತದಲ್ಲಿ ಇಬ್ಬರೂ ಸತ್ತೆವು. ಎಕ್ಸ್ ಅಂದರೆ ಎಷ್ಟು ಎಂದು ಅವರು ಕೇಳುವುದು, ಅದನ್ನೇ ಕಂಡುಹಿಡಿಯಬೇಕು ಎಂದು ನಾನು ರೇಗುವುದು, ಗೊತ್ತಿಲ್ಲದ್ದಕ್ಕೆ ಹೆಸರು ಯಾಕೆ ಇಟ್ಟಿರಿ ಎಂದು ಅವರು ಮೆಲ್ಲಗೆ ಕೇಳುವುದು. ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ನೂರಕ್ಕೆ ಹದಿನೆಂಟು. ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು ಎಂದು ನನ್ನ ಅತ್ತೆಯ ಮುಂದೆ ಗೊಣಗಿಕೊಂಡಿದ್ದೆ.

ಎರಡನೆಯ ತಿಂಗಳು ರೇಖೆಗಳಿಗೆ ಬಂದೆವು. ಸಮಾಂತರ ರೇಖೆಗಳು, ಅವನ್ನು ಅಡ್ಡ ದಾಟಿ ಹೋಗುವ ಛೇದಕ ರೇಖೆ, ಎರಡು ಕಡೆ ದಾಟುವಾಗ ಆಗುವ ಎಂಟು ಕೋನಗಳು. ಅನುರೂಪ ಕೋನ, ಪರ್ಯಾಯ ಕೋನ ಎಂದು ನಾನು ಹೆಸರು ಒಪ್ಪಿಸುತ್ತ ಹೋದೆ. ಸಮಾಂತರ ಅಂದರೇನು ಎಂದು ಕೇಳಿದರು. ಹದಿನೇಳು ವರ್ಷದಿಂದ ಹೇಳಿದ್ದನ್ನೇ ಹೇಳಿದೆ: ಎಷ್ಟು ದೂರ ಬೆಳೆಸಿದರೂ ಒಂದಕ್ಕೊಂದು ಸೇರದ ಗೆರೆಗಳು.

ಅವರು ಪೆನ್ಸಿಲ್ ಕೆಳಗಿಟ್ಟು, "ಎಷ್ಟು ದೂರ ಹೋಗಿ ನೋಡಿದಾರೆ ಮೇಡಂ?" ಎಂದರು.

ಯಾರೂ ಹೋಗಿ ನೋಡುವುದಿಲ್ಲ ಎಂದೆ. ಹಾಗಾದರೆ ಹೇಗೆ ಗೊತ್ತಾಯಿತು ಎಂದರು. ಅದು ವ್ಯಾಖ್ಯೆ, ಒಪ್ಪಿಕೊಳ್ಳಬೇಕು ಎಂದು ಗದರಿದೆ. ಗದರಿದ ಮೇಲೆ ನನ್ನೊಳಗೇ ಏನೋ ಮುಳ್ಳು ಮುರಿದ ಹಾಗಾಯಿತು. ನಿಜ, ಹೇಗೆ ಗೊತ್ತಾಯಿತು? ಕೊನೆಯೇ ಇಲ್ಲದ ದಾರಿಯ ಕೊನೆಯಲ್ಲಿ ಸೇರುವುದಿಲ್ಲ ಎಂದು ಇಲ್ಲಿ ಕೂತವರಿಗೆ ಹೇಗೆ ಗೊತ್ತು? ಹದಿನೇಳು ವರ್ಷದಲ್ಲಿ ಒಂದು ದಿನವೂ ನನ್ನ ತಲೆಗೆ ಬಾರದ ಪ್ರಶ್ನೆ.

ಮೇಷ್ಟ್ರು ಎದ್ದು ಹೋಗಿ ಒಂದು ಹಲಗೆ ತಂದರು. ಅದರ ಮೇಲೆ ಆ ಬೆಳಿಗ್ಗೆ ಯಾವನೋ ಹುಡುಗ ಎಳೆದ ಎರಡು ಪೆನ್ಸಿಲ್ ಗೆರೆಗಳಿದ್ದವು. ಎರಡನ್ನೂ ದಾಟುವ ಹಾಗೆ ಒಂದು ಪಟ್ಟಿಯನ್ನು ಓರೆಯಾಗಿ ಇಟ್ಟು ಹಿಡಿದುಕೊಂಡರು. ಬಡಗಿಗಳ ಬಳಿ ಬೆವೆಲ್ ಎಂದು ಒಂದು ಸಾಧನ ಇರುತ್ತದೆ, ಒಂದು ಮರದ ಹಿಡಿ, ಅದಕ್ಕೆ ಸ್ಕ್ರೂ ಹಾಕಿ ತಿರುಗುವಂತೆ ಕೂರಿಸಿದ ಉಕ್ಕಿನ ಅಲಗು. ಅಲಗನ್ನು ಬೇಕಾದ ಕೋನಕ್ಕೆ ತಿರುಗಿಸಿ ಸ್ಕ್ರೂ ಬಿಗಿದರೆ ಆ ಕೋನ ಅಲ್ಲೇ ನಿಂತುಬಿಡುತ್ತದೆ. ಮೇಲಿನ ಗೆರೆಗೂ ಪಟ್ಟಿಗೂ ನಡುವಿನ ಕೋನವನ್ನು ಅದರಲ್ಲಿ ಹಿಡಿದು ಬಿಗಿದರು. ಪಟ್ಟಿಯ ಅಂಚಿಗೇ ಒತ್ತಿ ಹಾಗೇ ಕೆಳಗಿನ ಗೆರೆಗೆ ಜಾರಿಸಿದರು. ಅಲಗು ಗೆರೆಯ ಮೇಲೆ ಕೂತಿತು. ಕೂದಲೆಳೆಯಷ್ಟೂ ಬಿಡುವಿಲ್ಲ.

"ಇಲ್ಲಿ ಕೂತ್ಕೊಳ್ತು ಅಂದ್ರೆ ಇವೆರಡೂ ಯಾವತ್ತೂ ಸೇರಲ್ಲ ಮೇಡಂ. ಹೋಗಿ ನೋಡಬೇಕಾಗಿಲ್ಲ."

ಅದು ಪುಸ್ತಕದಲ್ಲಿರುವ ಪ್ರಮೇಯವೇ. ಅನುರೂಪ ಕೋನಗಳು ಸಮವಾದರೆ ರೇಖೆಗಳು ಸಮಾಂತರ. ಐದು ಅಂಕದ ಪ್ರಶ್ನೆ ಎಂದು ಸಾವಿರ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಅವತ್ತು ಅದನ್ನು ಮೊದಲ ಸಲ ಕಂಡೆ. ಕೊನೆಯಿಲ್ಲದಷ್ಟು ದೂರದ ಸಂಗತಿಯೊಂದನ್ನು ಒಬ್ಬ ಮನುಷ್ಯ ಒಂದು ಗೇಣಿನ ಅಗಲದಲ್ಲಿ ತೀರ್ಮಾನ ಮಾಡಿ, ಸಾಧನದ ಸ್ಕ್ರೂ ಸಡಿಲಿಸಿ ಜೇಬಿಗೆ ಹಾಕಿಕೊಂಡ. ಪ್ರಪಂಚ ಇಷ್ಟು ಪ್ರಾಮಾಣಿಕವಾಗಿದೆಯಲ್ಲ, ಇಲ್ಲಿ ಹೇಳಿದ ಮಾತನ್ನು ಎಷ್ಟು ದೂರ ಹೋದರೂ ತಪ್ಪುವುದಿಲ್ಲವಲ್ಲ ಅನ್ನಿಸಿತು. ಊಟದ ಡಬ್ಬಿ ತೆರೆಯದೇ ಎದ್ದು ಬಂದೆ.

ಮುಂದಿನ ವಾರ ನನ್ನ ಮೊದಲ ವರ್ಷದ ಮೂವತ್ತೆರಡು ಮಕ್ಕಳನ್ನು ಕಾರ್ಯಾಗಾರಕ್ಕೆ ಕರೆದುಕೊಂಡು ಹೋದೆ. ಛೇದಕ ರೇಖೆ ಎಂದರೆ ಸಾಕು, ಹಿಂದಿನ ಬೆಂಚಿನಿಂದ ಆಕಳಿಕೆ ಕೇಳಿಸುವ ತರಗತಿ ಅದು. ಮೇಷ್ಟ್ರು ಅವರನ್ನು ಆ ಎಲ್ಲಿಗೂ ಹೋಗದ ಮೆಟ್ಟಿಲ ಪಕ್ಕ ನಿಲ್ಲಿಸಿದರು. ಓರೆಯಾಗಿ ಇಳಿದು ಬರುವ ಕೈಹಿಡಿಯ ಮರ, ಅದರ ಕೆಳಗೆ ನೆಟ್ಟಗೆ ನಿಂತ ಏಳು ಕಂಬಿ. ಕಂಬಿಗಳು ಸಮಾಂತರ ರೇಖೆಗಳು, ಕೈಹಿಡಿ ಛೇದಕ ಎಂದು ನಾನು ಹೇಳಿದೆ. ಅವರು ಬೆವೆಲನ್ನು ಒಂದು ಹುಡುಗಿಯ ಕೈಗೆ ಕೊಟ್ಟು, ಮೊದಲ ಕಂಬಿಯ ಕೋನ ಹಿಡಿದು ಬಿಗಿ, ಉಳಿದದ್ದಕ್ಕೆಲ್ಲ ಇಟ್ಟು ನೋಡುತ್ತ ಹೋಗು ಎಂದರು. ಆ ಹುಡುಗಿ ತರಗತಿಯಲ್ಲಿ ಬಾಯಿ ತೆರೆದದ್ದನ್ನೇ ನಾನು ಕಂಡಿರಲಿಲ್ಲ. ಎರಡನೆಯದು ಕೂತಿತು. ಮೂರು ಕೂತಿತು, ನಾಲ್ಕು ಕೂತಿತು. ಐದರಲ್ಲಿ ಅವಳ ಕೈ ನಿಂತಿತು.

"ಸರ್, ಇದು ಸುಳ್ಳು ಹೇಳ್ತಿದೆ."

ಮೇಷ್ಟ್ರ ಮುಖ ನೋಡಬೇಕಿತ್ತು. ಮಗಳಿಗೆ ಮದುವೆ ಗೊತ್ತಾದಷ್ಟು ಸಂತೋಷ. ಬೆಳಿಗ್ಗೆಯೇ ಬಂದು ಐದನೆಯ ಕಂಬಿಯ ಬುಡಕ್ಕೆ ಒಂದು ತೆಳುವಾದ ಚಕ್ಕೆ ತುರುಕಿ ಇಟ್ಟಿದ್ದರಂತೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ನನಗಂತೂ ಕಾಣಲಿಲ್ಲ. ಮಕ್ಕಳೆಲ್ಲ ಮುಗಿಬಿದ್ದು ತಾವೂ ಇಟ್ಟು ನೋಡಿದರು. ಆಮೇಲೆ ಮೇಷ್ಟ್ರು ಒಂದು ಕಂಬಿ ಕೈಹಿಡಿಯನ್ನು ಸಂಧಿಸುವ ಕಡೆ ಸೀಮೆಸುಣ್ಣದಲ್ಲಿ ಕೋನ ಗುರುತು ಮಾಡಿ, ಗೆರೆಗಳನ್ನು ಮೇಲಕ್ಕೂ ಬೆಳೆಸಿದರೆ ಒಂದು ಸೇರುವ ಕಡೆ ನಾಲ್ಕು, ಎರಡು ಕಡೆಗೆ ಎಂಟು, ಆದರೆ ಅಳತೆ ಎರಡೇ, ಒಂದು ಸಿಕ್ಕಿದರೆ ಎಂಟೂ ಸಿಕ್ಕ ಹಾಗೆ ಎಂದರು. ನಾನು ಅದಕ್ಕೆ ಹೆಸರು ಹೇಳುತ್ತ ಹೋದೆ, ಅನುರೂಪ, ಪರ್ಯಾಯ, ಶೃಂಗಾಭಿಮುಖ. ಮಕ್ಕಳು ಹೆಸರನ್ನು ಹಾಗೇ ಹೆಕ್ಕಿಕೊಂಡರು. ಒಂದು ಗಂಟೆಯಲ್ಲಿ ನನ್ನ ಎರಡು ವಾರದ ಪಾಠ ಮುಗಿಯಿತು. ನನಗೆ ಹೊಟ್ಟೆಕಿಚ್ಚೂ ಆಯಿತು, ಕೈಮುಗಿಯಬೇಕು ಅಂತಲೂ ಅನ್ನಿಸಿತು.

ಇಷ್ಟೆಲ್ಲ ಇದ್ದೂ ಕಾಗದದ ಮೇಲೆ ಅವರು ಒದ್ದಾಡುತ್ತಿದ್ದರು. ಅದಕ್ಕೆ ಒಂದು ವಿಚಿತ್ರವಾದ ಕಾರಣವಿತ್ತು. ಅವರು ಚಿತ್ರವನ್ನು ಅಳೆಯುತ್ತಿದ್ದರು. ನಾನು ಗಡಿಬಿಡಿಯಲ್ಲಿ ಕೈಯಲ್ಲೇ ಎರಡು ಗೆರೆ ಗೀಚಿ, ಇವು ಸಮಾಂತರ, ಈ ಕೋನ ಎಪ್ಪತ್ತು, ಆ ಕೋನ ಎಷ್ಟು ಎಂದು ಕೇಳಿದರೆ, ಅವರು ಸ್ಕೇಲು ತೆಗೆದು ಗೆರೆಗಳ ಅಂತರ ನೋಡಿ, ಇವು ಸಮಾಂತರ ಅಲ್ಲವಲ್ಲ ಎನ್ನುತ್ತಿದ್ದರು. ಚಿತ್ರ ಬರೀ ನೆಪ ಮೇಷ್ಟ್ರೇ, ಕೊಟ್ಟ ಮಾತನ್ನು ನಂಬಿ ಲೆಕ್ಕ ಮಾಡಿ ಎಂದು ನಾನು ಹೇಳಿ ಹೇಳಿ ಬಾಯಿ ಒಣಗಿತು. ನಂಬಿ ಕೊಯ್ದರೆ ಮರ ಹಾಳಾಗುತ್ತದೆ ಎಂದು ಅವರು. ಒಂದು ದಿನ ಸಿಟ್ಟು ನೆತ್ತಿಗೇರಿ ಅವರ ಸ್ಕೇಲು ಕಿತ್ತುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮರುದಿನದಿಂದ ಕಾಗದದ ತುಂಡನ್ನು ಮಡಚಿ ಅದರಲ್ಲೇ ಅಳೆಯತೊಡಗಿದರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಸುಮ್ಮನಾದೆ.

ಆದರೂ ಅಂಕ ಹತ್ತುತ್ತ ಬಂತು. ಹದಿನೆಂಟು ಇದ್ದದ್ದು ಇಪ್ಪತ್ತನಾಲ್ಕಾಯಿತು, ಆಮೇಲೆ ಇಪ್ಪತ್ತೊಂಬತ್ತು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಮೂವತ್ತಮೂರು. ಕೋನದ ಪ್ರಶ್ನೆಯ ಐದು ಅಂಕ ಕೈಗೆ ಬಂದರೆ ದಡ ಮುಟ್ಟುತ್ತಾರೆ, ಇಲ್ಲದಿದ್ದರೆ ಇಲ್ಲ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮದು ಸಣ್ಣ ಶಾಲೆ. ಗಣಿತಕ್ಕೆ ನಾನೊಬ್ಬಳೇ. ಹೀಗಾಗಿ ಪ್ರಶ್ನೆಪತ್ರಿಕೆ ಬರೆಯುವುದೂ ನಾನೇ, ತಿದ್ದುವುದೂ ನಾನೇ. ಹೇಳಿಕೊಟ್ಟವಳೂ ನಾನೇ ಆದ್ದರಿಂದ ಪ್ರಿನ್ಸಿಪಾಲರು ಒಂದು ಕಟ್ಟುಪಾಡು ಹಾಕಿದರು: ಉತ್ತರಗಳ ಪಟ್ಟಿಯನ್ನು ಮೊದಲೇ ಬರೆದು, ಲಕೋಟೆಗೆ ಮೊಹರು ಹಾಕಿ ಮೇಲಿನ ಕಚೇರಿಗೆ ಕಳಿಸಬೇಕು, ಆ ಪಟ್ಟಿಯಲ್ಲಿ ಇದ್ದದ್ದಕ್ಕೆ ಮಾತ್ರ ಅಂಕ. ನ್ಯಾಯವಾದ ಮಾತೇ. ಒಂಬತ್ತನೆಯ ಪ್ರಶ್ನೆ ಕೋನದ್ದು ಇಟ್ಟೆ. ಎರಡು ಸಮಾಂತರ ರೇಖೆ, ಒಂದು ಛೇದಕ, ಮೇಲಿನ ಕೋನ ಅರವತ್ತೈದು, ಕೆಳಗಿನ ಅನುರೂಪ ಕೋನ ಎಷ್ಟು? ಅವರಿಗೆ ನಿದ್ದೆಯಲ್ಲೂ ಬರುವ ಪ್ರಶ್ನೆ. ಚಿತ್ರವನ್ನು ಮನೆಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ಬರೆದೆ. ಒಂದು ಗೆರೆ ಎಳೆದಿದ್ದೆ, ಎರಡನೆಯದಕ್ಕೆ ಸ್ಕೇಲು ಇಟ್ಟಿದ್ದೆ, ಅಷ್ಟರಲ್ಲಿ ಹಾಲು ಉಕ್ಕಿತು. ಓಡಿ ಒಲೆ ಆರಿಸಿ ಬಂದು, ಸ್ಕೇಲನ್ನು ಮತ್ತೆ ಅಂದಾಜಿನಲ್ಲಿ ಇಟ್ಟು ಎಳೆದುಬಿಟ್ಟೆ.

ಪರೀಕ್ಷೆ ಶನಿವಾರ ಬೆಳಿಗ್ಗೆ, ಪ್ರಿನ್ಸಿಪಾಲರ ಪಕ್ಕದ ಕೋಣೆಯಲ್ಲಿ. ಬರೆಯುವವರು ಒಬ್ಬರು, ಕಾಯುವವರು ಒಬ್ಬರು, ಅದೂ ಪ್ರಿನ್ಸಿಪಾಲರೇ. ನಾನು ವರಾಂಡದಲ್ಲಿ ಒಂದೆರಡು ಸಲ ಸುಮ್ಮನೆ ಹಾದುಹೋದೆ. ಎರಡನೆಯ ಸಲ ನೋಡಿದಾಗ ಮೇಷ್ಟ್ರು ಪೆನ್ನು ಕೆಳಗಿಟ್ಟು ಕಾಗದದ ತುಂಡೊಂದನ್ನು ಮಡಚಿ ಸ್ಕೇಲಿಗೆ ಹಿಡಿಯುತ್ತಿದ್ದರು. ಅಯ್ಯೋ, ಮತ್ತೆ ಚಿತ್ರ ಅಳೆಯುತ್ತಿದ್ದಾರಲ್ಲ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಉತ್ತರಪತ್ರಿಕೆ ತಿದ್ದಲು ಕೂತೆ. ಅತ್ತೆ ಮಂಚದ ಮೇಲೆ ಕೂತು ನನ್ನ ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಒಂಬತ್ತನೆಯದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ತಿದ್ದಿ ಕೂಡಿದೆ. ಮೂವತ್ತೆರಡು. ಆಮೇಲೆ ಒಂಬತ್ತಕ್ಕೆ ಬಂದೆ. ಅಲ್ಲಿ 65 ಎಂದು ಬರೆದಿತ್ತು. ಬರೆದು, ಸ್ಕೇಲಿಟ್ಟು ನೇರವಾದ ಒಂದು ಗೆರೆಯಿಂದ ಅದನ್ನು ಹೊಡೆದು ಹಾಕಿತ್ತು. ಕೆಳಗೆ ಮೇಷ್ಟ್ರ ದಪ್ಪ ದಪ್ಪ ಅಕ್ಷರ:

"ಈ ಎರಡು ಗೆರೆ ಸಮಾಂತರ ಅಲ್ಲ. ಮೇಲಿನ ಕೋನ ಕೆಳಗೆ ಕೂರುವುದಿಲ್ಲ. ಗೆರೆಯ ಉದ್ದ 100 ಮಿಲಿಮೀಟರ್. ಅಂತರ ಬಲಗಡೆ 50, ಎಡಗಡೆ 47½. ಹೀಗೇ ಹೋದರೆ ಎಡ ತುದಿಯಿಂದ ಆರಡಿ ಮೂರು ಇಂಚಿಗೆ ಸೇರುತ್ತವೆ. ಆದ್ದರಿಂದ ಉತ್ತರ 65 ಅಲ್ಲ."

ನನಗೆ ಬಂದ ಸಿಟ್ಟಿಗೆ ಕೆಂಪು ಪೆನ್ನು ಗೋಡೆಗೆ ಹೋಗಿ ಬಡಿಯಿತು. ಬಾಯಿಗೆ ಬಂದ ತುತ್ತನ್ನು ಉಗಿದ ಹಾಗೆ, ಬರೆದ ಸರಿ ಉತ್ತರವನ್ನು ಹೊಡೆದು ಹಾಕಿದ್ದಾರೆ. ನಾಲ್ಕು ತಿಂಗಳು ಊಟ ಬಿಟ್ಟು ಹೇಳಿಕೊಟ್ಟೆನಲ್ಲ, ಚಿತ್ರ ನೋಡಬೇಡಿ ಎಂದು ಎಷ್ಟು ಸಲ ಬಡಿದುಕೊಂಡೆ. ಪೆನ್ನು ಹೆಕ್ಕಿ ತಂದು ಸೊನ್ನೆ ಹಾಕಿದೆ. ಸೊನ್ನೆ ಹಾಕಿದ ಮೇಲೆ ಅಳು ಬಂತು.

ಅತ್ತೆ ಏನಾಯಿತು ಎಂದು ಕೇಳಿದರು. ಗೆರೆಗಳು ಆರಡಿ ದೂರದಲ್ಲಿ ಸೇರುತ್ತವೆ ಅನ್ನುತ್ತಾರೆ, ಸೇರುವುದಿಲ್ಲ ಎಂದು ನಾನು ಬರೆದುಕೊಟ್ಟಿದ್ದೇನೆ ಎಂದು ಕೂಗಾಡಿದೆ. ಅತ್ತೆ ದಾರ ಕಡಿದು, ರೀಲನ್ನು ನನ್ನ ಕಡೆ ಉರುಳಿಸಿದರು.

"ಸೇರುತ್ತೋ ಇಲ್ವೋ ದಾರ ಹಿಡಿದು ನೋಡು. ಬಾಯಿ ಯಾಕೆ ನೋಯಿಸ್ಕೊಳ್ತೀಯ?"

ಪ್ರಶ್ನೆಪತ್ರಿಕೆಯನ್ನು ಹಜಾರದ ನೆಲಕ್ಕೆ ಅಂಟಿಸಿದೆ. ಮೇಲಿನ ಗೆರೆಯ ಬಲ ತುದಿಗೆ ಒಂದು ಕಪ್ಪು ದಾರ, ಕೆಳಗಿನದಕ್ಕೆ ಒಂದು ಬಿಳಿ ದಾರ. ನೆಲದ ಮೇಲೆ ಬೋರಲು ಮಲಗಿ ಕಪ್ಪು ದಾರವನ್ನು ಗೆರೆಯ ಎರಡೂ ತುದಿಯ ಮೇಲೆ ಸರಿಯಾಗಿ ಕೂರುವ ಹಾಗೆ ನಾನು ನೋಡುತ್ತಿದ್ದರೆ, ಅತ್ತೆ ಅದರ ಇನ್ನೊಂದು ತುದಿಯನ್ನು ಹಿಡಿದು ಎಡಕ್ಕೆ ಎಳೆದುಕೊಂಡು ಹೋದರು. ಅದನ್ನು ಅಂಟಿಸಿ ಬಿಳಿಯದನ್ನು ಎಳೆದರು. ಒಂದು ಗೇಣು ದೂರಕ್ಕೆ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ನೋಡಿ, ನಾನು ಹೇಳಲಿಲ್ಲವೇ ಎಂದೆ. ಮೂರು ಅಡಿಗೆ ಅಂತರ ಅರ್ಧವಾಗಿತ್ತು. ಐದು ಅಡಿಗೆ ಎರಡು ದಾರದ ನಡುವೆ ನನ್ನ ಕಿರುಬೆರಳು ತೂರುತ್ತಿರಲಿಲ್ಲ. ಮಂಚದ ಕಾಲಿನ ಹತ್ತಿರ ಕಪ್ಪು ದಾರವೂ ಬಿಳಿ ದಾರವೂ ಒಂದರ ಮೇಲೊಂದು ಬಿದ್ದವು. ಟೇಪು ಹಿಡಿದು ನೋಡಿದೆ. ಆರಡಿ ನಾಲ್ಕು ಇಂಚು.

ಅಂಗೈಯಗಲದ ಕಾಗದ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪು. ಒಬ್ಬ ಮನುಷ್ಯ ಆ ಕೋಣೆಯಲ್ಲಿ ಕುರ್ಚಿ ಬಿಟ್ಟು ಏಳದೆ, ಒಂದು ಕಾಗದದ ತುಂಡು ಮಡಚಿ, ಆ ತಪ್ಪು ನಮ್ಮ ಮನೆಯ ಯಾವ ಮೂಲೆಗೆ ಹೋಗಿ ಮುಟ್ಟುತ್ತದೆ ಎಂದು ಹೇಳಿದ್ದ. ನಾನು ದೇವರು ದಿಂಡರು ಎಂದು ಹೆಚ್ಚು ಹಚ್ಚಿಕೊಂಡವಳಲ್ಲ, ಆದರೆ ಅವತ್ತು ನೆಲದ ಮೇಲೆ ಕೂತು ಎರಡೂ ಕೈ ಜೋಡಿಸಿದ್ದೆ. ಯಾರಿಗೆ ಎಂದು ಕೇಳಬೇಡಿ.

"ಇಷ್ಟು ವರ್ಷ ಸೇರಲ್ಲ ಅಂತ ಪಾಠ ಮಾಡಿದ್ದು ಇದನ್ನೇನಾ?" ಎಂದರು ಅತ್ತೆ.

ಸೋಮವಾರ ಬೆಳಿಗ್ಗೆ ಪ್ರಿನ್ಸಿಪಾಲರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಮೊದಲು ನನ್ನನ್ನೇ ದಿಟ್ಟಿಸಿ ನೋಡಿದರು. ಹೇಳಿಕೊಟ್ಟವರು ನೀವು, ಪ್ರಶ್ನೆ ಬರೆದವರು ನೀವು, ಈಗ ಉತ್ತರವನ್ನೂ ಬದಲಾಯಿಸುತ್ತೀರಾ ಎಂದರು. ಬಳಿಕ ಸ್ಕೇಲು ತೆಗೆದು ತಾವೇ ಎರಡು ತುದಿ ಅಳೆದರು. ಎರಡು ಸಲ ಅಳೆದರು. ನಿಯಮದ ಪುಸ್ತಕ ತೆರೆದು ಓದಿದರು: ಪ್ರಶ್ನೆಯೇ ದೋಷದ್ದಾದರೆ ಅದನ್ನು ಪ್ರಯತ್ನಿಸಿದವರಿಗೆ ಪೂರ್ತಿ ಅಂಕ. ಆದರೆ ದೋಷ ತನ್ನದು ಎಂದು ಪ್ರಶ್ನೆ ಬರೆದವರು ಲಿಖಿತವಾಗಿ ಒಪ್ಪಿಕೊಳ್ಳಬೇಕು, ಅದು ಅವರ ಸೇವಾ ದಾಖಲೆಗೆ ಸೇರುತ್ತದೆ.

ಆ ವರ್ಷ ನನಗೆ ಬಡ್ತಿ ಬರಬೇಕಿತ್ತು. ಬಿಳಿ ಹಾಳೆಯ ಮುಂದೆ ಹತ್ತು ನಿಮಿಷ ಕೂತಿದ್ದೆ. ಚಿತ್ರ ಬರೀ ನೆಪ, ಕೊಟ್ಟ ಮಾತನ್ನು ನಂಬಬೇಕಿತ್ತು ಎಂದು ವಾದಿಸಬಹುದಿತ್ತು. ಪ್ರಪಂಚದ ಯಾವ ಗಣಿತದ ಟೀಚರನ್ನು ಕೇಳಿದರೂ ನನ್ನ ಪರವೇ ನಿಲ್ಲುತ್ತಿದ್ದರು. ಆ ಹತ್ತು ನಿಮಿಷದ ಬಗ್ಗೆ ಈಗಲೂ ನನಗೆ ನಾಚಿಕೆ ಇದೆ. ಆಮೇಲೆ ಬರೆದೆ. ಒಂಬತ್ತನೆಯ ಪ್ರಶ್ನೆಯಲ್ಲಿ ಸಮಾಂತರ ಎಂದು ಕೊಟ್ಟ ರೇಖೆಗಳು ಸಮಾಂತರವಲ್ಲ, ತಪ್ಪು ನನ್ನದು, ಅಭ್ಯರ್ಥಿ ಅದನ್ನು ಸರಿಯಾಗಿ ಕಂಡುಹಿಡಿದಿದ್ದಾರೆ. ಮೂವತ್ತೆರಡಕ್ಕೆ ಐದು ಕೂಡಿ ಮೂವತ್ತೇಳು. ಪ್ರಿನ್ಸಿಪಾಲರು ಸಹಿ ಹಾಕಿದರು.

ಕಾರ್ಯಾಗಾರಕ್ಕೆ ಹೋದಾಗ ಮೇಷ್ಟ್ರು ಒಬ್ಬರೇ ಇದ್ದರು. ಗೋಡೆಯ ಗರಗಸಗಳನ್ನು ಒಂದೊಂದಾಗಿ ಇಳಿಸಿ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ಸಾಮಾನು ಕೋಣೆಗೆ ಹೋಗುವ ಮೊದಲು ಎಲ್ಲವನ್ನೂ ಸರಿಮಾಡಿ ಒಪ್ಪಿಸಿ ಹೋಗಬೇಕು ಎಂದು ತಯಾರಾಗಿದ್ದರು ಎಂದು ಕಾಣುತ್ತದೆ. ಗೆರೆಗಳಿಗೆ ದಾರ ಎಳೆದು ನೋಡಿದೆವು, ಪಾಸಾದಿರಿ ಎಂದೆ. ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಎಲ್ಲಿ ಸೇರಿತು ಎಂದು ಕೇಳಿದರು. ಆರಡಿ ನಾಲ್ಕು ಇಂಚು ಎಂದೆ. ಒಂದು ಇಂಚು ಹೇಗೆ ತಪ್ಪಿತು ಎಂದು ಅವರ ಮುಖ ಬಾಡಿತು. ದಾರ ಎಳೆದದ್ದು ನನ್ನ ಅತ್ತೆ, ತಪ್ಪು ಅವರದೇ ಇರಬೇಕು ಎಂದ ಮೇಲೆ ಸಮಾಧಾನವಾಯಿತು.

ಆಗ ಕೇಳಿದೆ. ಅರವತ್ತೈದು ಎಂದು ಬರೆದಿದ್ದಿರಿ. ಅಲ್ಲಿಗೇ ಬಿಟ್ಟಿದ್ದರೆ ನಿಮ್ಮ ಪಾಠ ಉಳಿಯುತ್ತಿತ್ತು. ಅದು ನಿಮಗೆ ಗೊತ್ತಿತ್ತು. ಯಾಕೆ ಹೊಡೆದು ಹಾಕಿದಿರಿ?

ಅವರು ಗರಗಸದ ಹಲ್ಲನ್ನು ಒರೆಸುತ್ತಲೇ ಇದ್ದರು.

"ನನಗೆ ಗೊತ್ತಿತ್ತು ಮೇಡಂ. ಆದ್ರೆ ಅದು ನೀವು ಎಳೆದ ಗೆರೆ. ನಾಳೆ ಅದೇ ಚಿತ್ರ ಇಟ್ಕೊಂಡು ಮಕ್ಕಳಿಗೆ ಇವು ಸೇರಲ್ಲ ಅಂತ ಹೇಳ್ತಿದ್ರಿ. ನಾನೂ ಸುಮ್ಮನಿದ್ದುಬಿಟ್ರೆ ನಿಮಗೆ ಯಾರು ಹೇಳ್ತಾರೆ?"

ತಲೆಯಾಡಿಸಿ ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ. ತರಗತಿಗೆ ಹೋದಾಗ ಹತ್ತು ನಿಮಿಷ ತಡವಾಗಿತ್ತು. ಮಕ್ಕಳು ನನ್ನ ಕೆಂಪು ಕಣ್ಣು ನೋಡಿ ಸಿಟ್ಟೆಂದುಕೊಂಡು ಉಸಿರೆತ್ತದೆ ಕೂತರು.